ಕನ್ನಡಕದಮ್ಮನ ಬ್ರೇಕು

ಬ್ರೇಕು ಕೈಕೊಟ್ಟಿದ್ದು ಹನ್ನೊಂದನೇ ತಿರುವಿನಲ್ಲಿ. ಒಟ್ಟು ಹದಿನೇಳು ತಿರುವುಗಳ ಬೆಟ್ಟ ಅದು. ಕನ್ನಡಕದಮ್ಮ ಇಷ್ಟು ವರ್ಷ ಅವನ್ನು ಎಣಿಸಿದವರೇ ಅಲ್ಲ. ಆ ದಿನದ ನಂತರ ಮಾತ್ರ ಅಡುಗೆಮನೆಯಲ್ಲಿ, ಅಂಗಡಿಯಲ್ಲಿ, ಎಲ್ಲಿ ಕಣ್ಣು ಮುಚ್ಚಿದರೂ ಒಂದು, ಎರಡು, ಮೂರು ಎಂದು ಶುರುವಾಗಿ ಹನ್ನೊಂದಕ್ಕೆ ಬಂದು ಎಣಿಕೆ ನಿಂತುಬಿಡುತ್ತಿತ್ತು.

ಬೀದಿಯವರು ಅವರನ್ನು ಹಾಗೆ ಕರೆಯುತ್ತಿದ್ದದ್ದು ಅವರ ಅಂಗಡಿಯಿಂದಾಗಿ. ಕನ್ನಡಕದ ಗಾಜನ್ನು ಅಳೆದು, ಉಜ್ಜಿ, ಫ್ರೇಮಿಗೆ ಕೂರಿಸುವುದು ಮೂವತ್ತಾರು ವರ್ಷದ ಕಸುಬು. ಕೂದಲೆಳೆಯಷ್ಟು ಆಚೀಚೆಯಾದರೂ ಅವರಿಗೆ ಆಗದು. "ಇವಳು ಹೊದಿಕೆ ಮಡಚೋದಕ್ಕೂ ಸ್ಕೇಲು ಇಟ್ಕೋತಾಳೆ" ಎಂದು ಗಂಡ ಬದುಕಿದ್ದಾಗ ನೆಂಟರ ಮುಂದೆ ಆಡಿಕೊಳ್ಳುತ್ತಿದ್ದರು. ತಿಂಗಳ ಮೊದಲ ಬುಧವಾರ ಬೆಟ್ಟದ ಮೇಲಿನ ಆಸ್ಪತ್ರೆಗೆ ಹೋಗಿ, ಅಲ್ಲಿ ತಿಂಗಳುಗಟ್ಟಲೆ ಮಲಗಿರುವವರ ಕಣ್ಣು ನೋಡಿ, ಹಿಂದಿನ ಸಲ ಅಳತೆ ಕೊಟ್ಟಿದ್ದವರಿಗೆ ಕನ್ನಡಕ ತೊಡಿಸಿ ಬರುವುದು ವಾಡಿಕೆ. ಹೋಗುತ್ತಿದ್ದದ್ದು ತಮ್ಮದೇ ಕಾರಿನಲ್ಲಿ. ಎರಡೇ ಸೀಟಿನ, ಉದ್ದ ಮೂಗಿನ, ಮೇಲ್ಛಾವಣಿ ಮಡಚಿ ಹಿಂದಕ್ಕೆ ಹಾಕಬಹುದಾದ ಹಸಿರು ಸ್ಪೋರ್ಟ್ಸ್ ಕಾರು. ಅದನ್ನು ಕೊಂಡಾಗ ಮಗ ತೊಟ್ಟಿಲಲ್ಲಿದ್ದ. ಈಗ ಅವನ ತಲೆಯಲ್ಲಿ ನಾಲ್ಕೈದು ಬಿಳಿ ಕೂದಲು ಬಂದಿವೆ, ಕಾರಿಗೆ ಮಾತ್ರ ಹೊಸ ಬಣ್ಣ ಹೊಡೆದು ಎರಡು ವರ್ಷವಾಗಿಲ್ಲ.

ಆ ಬುಧವಾರ ಆಸ್ಪತ್ರೆಯಿಂದ ಹೊರಡುವಾಗಲೇ ಹೊತ್ತಾಗಿತ್ತು. ಅಂಗಡಿಗೆ ಯಾರೋ ಬರುವವರಿದ್ದರು. ಕನ್ನಡಕದಮ್ಮ ಸ್ವಲ್ಪ ಜೋರಾಗಿಯೇ ಇಳಿಯುತ್ತಿದ್ದರು. ಒಂಬತ್ತನೇ ತಿರುವಿನಲ್ಲಿ ಏನೋ ಸುಟ್ಟ ವಾಸನೆ ಬಂತು. ಯಾರೋ ಕಸಕ್ಕೆ ಬೆಂಕಿ ಹಾಕಿದ್ದಾರೆ ಅಂದುಕೊಂಡರು. ಹತ್ತನೇ ತಿರುವಿನಲ್ಲಿ ಪೆಡಲು ಕಲ್ಲಿನಂತೆ ಗಟ್ಟಿಯಾಗಿತ್ತು, ಆದರೆ ಕಾರು ಮಾತು ಕೇಳಲಿಲ್ಲ. ಹನ್ನೊಂದರಲ್ಲಿ ಪೆಡಲೇ ಮೆತ್ತಗಾಗಿ, ಕಾಲು ಸೀದಾ ನೆಲಕ್ಕೆ ಹೋಯಿತು. ಒಣ ಬಾವಿಗೆ ಬಿಂದಿಗೆ ಬಿಟ್ಟ ಹಾಗೆ, ಕೆಳಗೆ ಏನೂ ಸಿಗಲಿಲ್ಲ. ತಿರುವನ್ನು ಹೇಗೆ ದಾಟಿದರೋ ಅವರಿಗೇ ಗೊತ್ತಿಲ್ಲ. ಮುಂದೆ ಪೈಪು ತುಂಬಿದ ಲಾರಿಯೊಂದು ನಿಧಾನವಾಗಿ ಇಳಿಯುತ್ತಿತ್ತು. ಹಾರ್ನಿನ ಮೇಲೆ ಕೈಯಿಟ್ಟವರು ತೆಗೆಯಲಿಲ್ಲ.

ಲಾರಿಯವನು ಕನ್ನಡಿಯಲ್ಲಿ ನೋಡಿರಬೇಕು. ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಪಕ್ಕದಿಂದ ಮುಂದೆ ಹೋಗು ಎನ್ನುವ ಕೈಯಲ್ಲ ಅದು. ಬಾ, ಹತ್ತಿರ ಬಾ, ಇನ್ನೂ ಹತ್ತಿರ, ಎಂದು ಮಗುವನ್ನು ಕರೆಯುವ ಹಾಗೆ ಬೆರಳು ಮಡಚಿತು. ಬೇರೆ ದಾರಿಯಾದರೂ ಏನಿತ್ತು? ಕಾರಿನ ಮೂಗು ಲಾರಿಯ ಹಿಂದಿನ ಕಬ್ಬಿಣದ ಅಡ್ಡಪಟ್ಟಿಗೆ ಧಡ್ ಎಂದು ತಾಗಿತು. ಆಮೇಲೆ ಲಾರಿಯವನು ಎರಡು ಗಾಡಿಗೂ ಸೇರಿಸಿ ತಾನೊಬ್ಬನೇ ಬ್ರೇಕು ಹಾಕಿದ. ಹನ್ನೆರಡು, ಹದಿಮೂರು, ಎರಡು ತಿರುವು ಹಾಗೇ ಅಂಟಿಕೊಂಡು ಇಳಿದು, ರಸ್ತೆ ಅಗಲವಾಗುವ ಒಂದು ಕಡೆ ನಿಂತರು.

ಆತ ಇಳಿದು ಬಂದ. ಕನ್ನಡಕದಮ್ಮನ ಕಡೆ ನೋಡಲಿಲ್ಲ, ಮೊದಲು ಒಂದು ಕಲ್ಲು ಹುಡುಕಿ ಕಾರಿನ ಗಾಲಿಗೆ ಅಡ್ಡ ಇಟ್ಟ. ಆಮೇಲೆ ತನ್ನ ಬಾಟಲಿಯ ನೀರು ಕೊಟ್ಟ. "ಅರ್ಧ ಗಂಟೆ ಬಿಡಿ ಅಮ್ಮ, ತಣ್ಣಗಾಗ್ಲಿ. ಆಮೇಲೆ ಒಂದನೇ ಗೇರಲ್ಲಿ ಇಳೀರಿ" ಎಂದ. ಹಿಂದೆ ನಾಲ್ಕು ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಇವರು ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಆತ ಲಾರಿ ಹತ್ತಿ ಹೊರಟುಹೋಗಿದ್ದ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಬಾಟಲಿ ಇವರ ಕೈಯಲ್ಲೇ ಉಳಿಯಿತು.

ಅರ್ಧ ಗಂಟೆ ಕಳೆದ ಮೇಲೆ ಪೆಡಲು ತುಳಿದರೆ ಬ್ರೇಕು ಏನೂ ಆಗಿಲ್ಲವೆಂಬಂತೆ ಮರಳಿ ಬಂದಿತ್ತು! ಅದೇ ಅವರನ್ನು ಹೆಚ್ಚು ಹೆದರಿಸಿದ್ದು. ಮುರಿದ ವಸ್ತುವಾದರೆ ಮುರಿದಿದೆ ಎಂದು ತೋರಿಸಬಹುದು. ಇದು ಕೈಬಿಟ್ಟು ಹೋಗಿ, ಸುಮ್ಮನೆ ಬಂದು, ತನ್ನ ಜಾಗದಲ್ಲಿ ಮುಗುಮ್ಮಾಗಿ ಕೂತಿತ್ತು.

ಜಜ್ಜಿದ ಕಾರಿನ ಮೂಗಿನ ಬಗ್ಗೆ ಮನೆಯಲ್ಲಿ ಅವರು ಹೇಳಿದ್ದಿಷ್ಟೇ: "ಆಸ್ಪತ್ರೆ ಗೋಡೆಗೆ ಸ್ವಲ್ಪ ತಾಗ್ತು." ಮಗನಿಗೆ ನಿಜ ಹೇಳುವುದುಂಟೇ? ಬೆಟ್ಟದ ಬುಡದ ಶಾಲೆಯಲ್ಲಿ ವಿಜ್ಞಾನದ ಲ್ಯಾಬು ನೋಡಿಕೊಳ್ಳುವವನು ಅವನು. ಮಕ್ಕಳ ಕೈಗೆ ಬೆಂಕಿಕಡ್ಡಿ ಕೊಡುವಾಗಲೂ ಪಕ್ಕದಲ್ಲಿ ಬಕೆಟ್ಟು ನೀರು ಇಟ್ಟುಕೊಳ್ಳುತ್ತಾನೆ. ಕಾರು ಹತ್ತಿದರೆ ಹೊಟ್ಟೆ ತೊಳಸುತ್ತದೆ. ಅವನಿಗೆ ಗೊತ್ತಾದರೆ ಕಾರಿನ ಕೀ ಅವತ್ತೇ ಮಾಯವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ಅವನು ಅಳುತ್ತಾನೆ. ಅದನ್ನು ನೋಡಲು ಇವರಿಂದಾಗದು.

ಮುಂದಿನ ತಿಂಗಳ ಬುಧವಾರ ಬಂದಾಗ ಮಂಡಿನೋವು ಎಂದರು. ಆಸ್ಪತ್ರೆಯ ದೊಡ್ಡ ನರ್ಸು ಫೋನು ಮಾಡಿ, "ಇಲ್ಲೊಬ್ಬರು ಹಳೇ ಟೈಪಿಸ್ಟು ಇದಾರಲ್ಲ, ಮಗಳು ಬರೆದ ಕಾಗದ ಹಿಡ್ಕೊಂಡು ನಿಮ್ಮ ದಾರಿ ಕಾಯ್ತಿದಾರೆ. ನಾನು ಓದಿ ಹೇಳ್ತೀನಿ ಅಂದ್ರೆ ಬೇಡ ಅಂತಾರೆ" ಎಂದಳು. ಕನ್ನಡಕದಮ್ಮ ಫೋನಿಟ್ಟು, ಕಾರಿನ ಶೆಡ್ಡಿಗೆ ಹೋಗಿ, ಸೀಟಿನಲ್ಲಿ ಕೂತರು. ಎಂಜಿನ್ನು ಶುರುವಾಯಿತು. ಬಲಗಾಲು ಮಾತ್ರ ನಡುಗುವುದನ್ನು ನಿಲ್ಲಿಸಲಿಲ್ಲ. ಎಂಜಿನ್ನು ಆರಿಸಿ ಒಳಗೆ ಬಂದರು.

ಮಾರನೇ ಬೆಳಿಗ್ಗೆ ಟೀ ಕುಡಿಯುತ್ತ, "ಕಾರು ಮಾರಿಬಿಡೋಣ ಅಂತಿದೀನಿ. ಬೆಟ್ಟದ ಕೆಲಸಾನೂ ಬೇರೆ ಯಾರಿಗಾದ್ರೂ ಒಪ್ಪಿಸಿಬಿಡ್ತೀನಿ" ಎಂದರು.

ಮಗನ ಲೋಟ ಅರ್ಧದಲ್ಲೇ ನಿಂತಿತು. "ಬೆಟ್ಟಕ್ಕೆ ಬಸ್ಸಿದೆಯಲ್ಲಮ್ಮ?"

"ಬಸ್ಸಲ್ಲಿ ಗಾಜಿನ ಪೆಟ್ಟಿಗೆ ಇಟ್ಕೊಂಡು ಹೋಗ್ಲಾ? ಮೇಲೆ ಹೋಗೋಷ್ಟರಲ್ಲಿ ಪುಡಿ ಮಾರ್ಬೇಕಾಗುತ್ತೆ."

ಸೊಸೆ ಎದ್ದು ಶೆಡ್ಡಿನ ಕಡೆ ಹೋದಳು.

ಸೊಸೆ ಆ ಮನೆಗೆ ಬಂದು ಐದು ತಿಂಗಳಾಗಿತ್ತು. ಸಿಟಿ ಬಸ್ಸಿನ ಡಿಪೋದಲ್ಲಿ ಬ್ರೇಕು ರಿಪೇರಿಯವಳು. ಕೈ ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಕರಿಗೆರೆ ಉಳಿಯುತ್ತಿತ್ತು. ಅತ್ತೆ ಸೊಸೆ ಜಗಳವಾಡಿದವರಲ್ಲ. ಜಗಳವಾಡುವಷ್ಟು ಹತ್ತಿರವೇ ಬಂದಿರಲಿಲ್ಲ ಅನ್ನಿ. ಇವರು ತಟ್ಟೆ ತೊಳೆಯಲು ಹೋದರೆ ಅವಳು "ಬಿಡಿ ಅತ್ತೆ", ಅವಳು ಹೋದರೆ ಇವರು "ಇರ್ಲಿ ಬಿಡಮ್ಮ". ಕೊನೆಗೆ ತಟ್ಟೆ ತೊಳೆಯುತ್ತಿದ್ದದ್ದು ಮಗ. ಒಬ್ಬರ ಮನಸ್ಸು ಇನ್ನೊಬ್ಬರು ಊಹಿಸಿ, ಊಹಿಸಿದ್ದಕ್ಕೆ ತಕ್ಕಂತೆ ನಡೆದುಕೊಂಡು, ಬಾಯಿಬಿಟ್ಟು ಕೇಳುವುದು ಮಾತ್ರ ಇರಲಿಲ್ಲ. ಸೊಸೆಗೆ ಸಕ್ಕರೆ ಕಮ್ಮಿ ಇಷ್ಟವೇನೋ ಎಂದು ಇವರು ಸಪ್ಪೆ ಟೀ ಕಾಸುತ್ತಿದ್ದರು, ಅತ್ತೆಗೆ ಸಪ್ಪೆಯೇ ಇಷ್ಟವೇನೋ ಎಂದು ಅವಳು ಕುಡಿಯುತ್ತಿದ್ದಳು. ಇಬ್ಬರೂ ಐದು ತಿಂಗಳು ಮುಖ ಹಿಂಡಿಕೊಂಡು ಸಪ್ಪೆ ಟೀ ಕುಡಿದರು.

ಕನ್ನಡಕದಮ್ಮ ಹಿಂದೆಯೇ ಶೆಡ್ಡಿಗೆ ಹೋದಾಗ ಸೊಸೆ ಮುಂದಿನ ಗಾಲಿ ಬಿಚ್ಚಿ ಪಕ್ಕಕ್ಕಿಟ್ಟಿದ್ದಳು. ಕುಕ್ಕರುಗಾಲಲ್ಲಿ ಕೂತು ಮೂಗು ಹತ್ತಿರ ತಂದು ಮೂಸಿದಳು.

"ಗೋಡೆಗೆ ತಾಗಿದ್ರೆ ಡಿಸ್ಕು ನೀಲಿ ಆಗಲ್ಲ ಅತ್ತೆ."

ಕನ್ನಡಕದಮ್ಮ ನೆಲದ ಮೇಲಿದ್ದ ಸ್ಪ್ಯಾನರು ಎತ್ತಿಕೊಂಡರು. ಗಾಲಿಯ ಜೊತೆ ತಿರುಗುವ ಆ ಉಕ್ಕಿನ ತಟ್ಟೆಯ ಮೇಲೆ ನವಿಲುಗರಿಯ ಬಣ್ಣ ಮೂಡಿತ್ತು. ನೋಡಲು ಚೆಂದವಾಗಿಯೇ ಇತ್ತು.

"ಯಾವ ತಿರುವು?"

"ಹನ್ನೊಂದು."

"ಗೇರು?"

"ಎರಡು" ಎಂದರು ಕನ್ನಡಕದಮ್ಮ. ಹೇಳಿದ ಕೂಡಲೇ ಬೇರೆ ಕಡೆ ನೋಡಿದರು. ಆಮೇಲೆ ತಡೆಯಲಾರದೆ ಲಾರಿಯವನ ಕಥೆಯನ್ನೆಲ್ಲ ಹೇಳಿದರು. ನಿಂತೇ ಹೇಳಿದರು, ಸ್ಪ್ಯಾನರನ್ನು ಕೈಯಲ್ಲಿ ತಿರುಗಿಸುತ್ತ. "ಅವನಿಗೆ ಹೇಳ್ತೀಯಾ?" ಎಂದು ಕೊನೆಗೆ ಕೇಳಿದರು.

"ಹೇಳೋದಿದ್ರೆ ನೀವೇ ಹೇಳಿ. ನಾನು ಬ್ರೇಕು ನೋಡೋಕೆ ಬಂದಿರೋಳು." ಸೊಸೆ ಕೈ ಒರೆಸಿಕೊಂಡಳು. "ಬ್ರೇಕು ಅಂದ್ರೆ ಏನು ಹೇಳಿ. ಓಟಾನೆಲ್ಲ ಬಿಸಿ ಮಾಡಿ ಆಚೆಗೆ ಎಸೆಯೋ ಯಂತ್ರ. ನಿಮ್ಮದು ತೆಳ್ಳಗಿನ ಒಂಟಿ ತಟ್ಟೆ, ಬಿಸಿ ಎಸೆಯೋಕೆ ಜಾಗಾನೇ ಇಲ್ಲ. ತಟ್ಟೇನ ಒತ್ತಿ ಹಿಡಿಯೋ ಪ್ಯಾಡು ಕಾದು ಜಾರೋಕೆ ಶುರುವಾಗಿದೆ, ಆಮೇಲೆ ಬ್ರೇಕ್ ಆಯಿಲ್ಲೇ ಕುದ್ದು ಒಳಗೆ ಗುಳ್ಳೆ ಎದ್ದಿದೆ. ತುಳಿದ್ರೆ ಗುಳ್ಳೆ ಅಮುಕುತ್ತೆ, ಬ್ರೇಕು ಹಿಡಿಯಲ್ಲ. ಆಯಿಲ್ ಬದಲಾಯಿಸಿದ್ದು ಯಾವಾಗ?"

"ಕಪ್ಪಾಗಿದೆ ಅಂತ ಮೆಕ್ಯಾನಿಕ್ಕು ಹೇಳಿದ್ದ."

"ಯಾವಾಗ ಹೇಳಿದ್ದು?"

"ನಿನ್ನ ಗಂಡ ಕಾಲೇಜಲ್ಲಿದ್ದಾಗ."

ಸೊಸೆ ಬಾಯಿಗೆ ಸೆರಗಿಲ್ಲದ್ದರಿಂದ ಮೊಣಕೈ ಅಡ್ಡ ಹಿಡಿದು ನಕ್ಕಳು. "ಮಾರೋದು ಆಮೇಲೆ ನೋಡೋಣ. ಮುಂದಿನ ತಿಂಗಳ ಬುಧವಾರಕ್ಕೆ ನಾಲ್ಕು ವಾರ ಇದೆ. ನಾಲ್ಕು ಭಾನುವಾರ ನಂಗೆ ಕೊಡಿ."

ಬೇರೆ ಯಾರಾದರೂ ಆಗಿದ್ದರೆ ಬುದ್ಧಿ ಹೇಳುತ್ತಿದ್ದರು, ಇಲ್ಲವೇ ಸಮಾಧಾನ ಹೇಳುತ್ತಿದ್ದರು. ಇವಳು ಭಾನುವಾರ ಕೇಳಿದಳು. ಕನ್ನಡಕದಮ್ಮನಿಗೆ ಏನಾದರೂ ಹೇಳಬೇಕು ಅನ್ನಿಸಿತು. ಆದರೆ ಮನೆಯವರಿಗೆ ಉಪಕಾರ ಆಯ್ತು ಎಂದು ಹೇಳುವುದು ಹೇಗೆ? ಅಂಗಡಿಗೆ ಬಂದ ಗಿರಾಕಿಗೆ ಹೇಳಿದ ಹಾಗಾಗುತ್ತದೆ. "ಟೀ ಕುಡೀತೀಯಾ?" ಎಂದರು. "ಹೂಂ" ಎಂದಳು. ಮತ್ತೆ ಸಪ್ಪೆ ಟೀ.

ಮೊದಲ ಭಾನುವಾರ ಗುಜರಿಯವನ ಅಂಗಳದಲ್ಲಿ ಕಳೆಯಿತು. ಅದೇ ಕಂಪನಿಯ ದೊಡ್ಡ ಕಾರೊಂದು ಹಿಂಭಾಗ ಜಜ್ಜಿಹೋಗಿ ಅಲ್ಲಿ ಬಿದ್ದಿತ್ತು. ಅದರ ಮುಂದಿನ ಬ್ರೇಕುಗಳು ಮಾತ್ರ ಗಟ್ಟಿಯಾಗಿದ್ದವು. ದಪ್ಪ ಡಿಸ್ಕು, ನಡುವೆ ಗಾಳಿಯಾಡಲು ಟೊಳ್ಳು. ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿಹಿಡಿಯುವ ಲೋಹದ ದವಡೆಯೂ, ಅಂದರೆ ಕ್ಯಾಲಿಪರೂ, ಹಳೆಯದಕ್ಕಿಂತ ಎರಡು ಪಟ್ಟು ದೊಡ್ಡದು. ಗುಜರಿಯವನು, "ಅಮ್ಮಾವ್ರೇ, ಈ ವಯಸ್ಸಲ್ಲಿ ರೇಸಿಗೆ ಹೋಗ್ತೀರಾ?" ಎಂದು ಕೇಳಿದ. "ಇಲ್ಲಪ್ಪ, ನಿಲ್ಲೋಕೆ ಹೋಗ್ತೀನಿ" ಎಂದರು ಕನ್ನಡಕದಮ್ಮ.

ಎರಡನೇ ಭಾನುವಾರ ಅಳತೆಯದು. ದೊಡ್ಡ ದವಡೆ ಗಾಲಿಯೊಳಗೆ ಹಿಡಿಸುತ್ತದೋ ಇಲ್ಲವೋ ನೋಡಲು ಸೊಸೆ ರಟ್ಟು ಕತ್ತರಿಸಿ ಇಟ್ಟು ನೋಡಿದಳು. "ನಾಲ್ಕು ಮಿಲಿಮೀಟರು ಜಾಗ ಸಿಗುತ್ತೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ?"

"ಕಣ್ಣಳತೆ ಅತ್ತೆ. ಬಸ್ಸಲ್ಲಿ ನಾವು ಹಂಗೇ ನೋಡೋದು."

"ಕಣ್ಣಳತೆ ಅಂತ ನಂಬ್ಕೊಂಡು ಓಡಾಡೋರಿಗೇ ನಾನು ಕನ್ನಡಕ ಮಾರಿರೋದು, ತಿಳ್ಕೋ."

ಅಂಗಡಿಯಿಂದ ಗಾಜಿನ ದಪ್ಪ ಅಳೆಯುವ ಉಪಕರಣ ಬಂತು. ಮೂರೂ ಮುಕ್ಕಾಲು. ಡಿಸ್ಕು ದವಡೆಯ ಸರಿ ನಡುವೆ ನಿಲ್ಲಬೇಕಿತ್ತು. ಒಂದು ಕಡೆ ಅರ್ಧ ಮಿಲಿಮೀಟರಿಗಿಂತಲೂ ಕಮ್ಮಿ ವ್ಯತ್ಯಾಸವಿತ್ತು. "ಇಷ್ಟೆಲ್ಲ ನಡೆಯುತ್ತೆ" ಎಂದಳು ಸೊಸೆ. ಕನ್ನಡಕದಮ್ಮ ದವಡೆಯನ್ನು ಹಿಡಿದಿಡುವ ಕಬ್ಬಿಣದ ಪಟ್ಟಿಯನ್ನು ಅಂಗಡಿಗೆ ಒಯ್ದು ವಾರವಿಡೀ ಗಿರಾಕಿಗಳ ಮಧ್ಯೆ ಅರದಿಂದ ಉಜ್ಜಿದರು. ಮೂರನೇ ಭಾನುವಾರ ಕೂರಿಸಿ ನೋಡಿದರೆ ಎರಡೂ ಕಡೆಯ ಸಂದು ಒಂದೇ. ಸೊಸೆ ತುಂಬಾ ಹೊತ್ತು ಅದನ್ನೇ ನೋಡಿ, "ನಮ್ಮ ಡಿಪೋದಲ್ಲಿ ನಿಮಗೊಂದು ಕೆಲಸ ಕೊಡಿಸ್ಬಹುದು" ಎಂದಳು. ಮೂವತ್ತಾರು ವರ್ಷದಲ್ಲಿ ಸಾವಿರ ಗಿರಾಕಿಗಳು ಹೊಗಳಿದ್ದರು. ಈ ಮಾತು ಬೇರೆ ಜಾಗದಲ್ಲಿ ಹೋಗಿ ಕೂತಿತು.

ಅದೇ ದಿನ ಮಧ್ಯಾಹ್ನ ಡಿಪೋದಿಂದ ಸೊಸೆಗೆ ಕರೆ ಬಂತು. ಅವಳು ರಸ್ತೆಯ ತುದಿಯವರೆಗೆ ನಡೆದಾಡುತ್ತ ಮಾತಾಡುವಷ್ಟರಲ್ಲಿ ಕನ್ನಡಕದಮ್ಮ ಅಳತೆ ನೋಡಿ ಬಿಚ್ಚಿಟ್ಟಿದ್ದ ಎರಡೂ ಕ್ಯಾಲಿಪರು ತೊಳೆದು, ಒರೆಸಿ, ಹಳೆ ಬಟ್ಟೆ ಹಾಸಿ ಅದರ ಮೇಲೆ ಜೋಡಿಸಿಟ್ಟರು. ಸೊಸೆ ಬಂದು ನೋಡಿದಳು, ಒಂದು ಕ್ಷಣ ಯೋಚಿಸಿದಳು, ಒಂದನ್ನು ಎತ್ತಿಕೊಂಡು ಈ ಗಾಲಿಗೆ, ಇನ್ನೊಂದನ್ನು ಆ ಗಾಲಿಗೆ ಹಾಕಿ ಬಿಗಿದಳು. ಬೋಲ್ಟು ಸಲೀಸಾಗಿ ಕೂತವು.

ನಾಲ್ಕನೇ ಭಾನುವಾರ ಬರೀ ಏರ್ ತೆಗೆಯುವ ಕೆಲಸ. ಹೊಸ ಪ್ಯಾಡು, ಉಕ್ಕಿನ ಹೆಣಿಗೆಯ ಹೊಸ ಪೈಪು, ಜಾಸ್ತಿ ಬಿಸಿ ತಡೆಯುವ ಹೊಸ ಬ್ರೇಕ್ ಆಯಿಲ್ಲು, ಎಲ್ಲ ಆಗಿತ್ತು. ಪೈಪಿನೊಳಗೆ ಉಳಿದ ಗಾಳಿಯನ್ನು ಹೊರಗೆ ಹಾಕಿದರೆ ಮುಗಿಯಿತು. ಅತ್ತೆ ಸೀಟಿನಲ್ಲಿ ಕೂತು ಪೆಡಲು ತುಳಿಯಬೇಕು, ಸೊಸೆ ಗಾಲಿಯ ಹತ್ತಿರ ಕೂತು ಕ್ಯಾಲಿಪರಿನಲ್ಲಿ ಗಾಳಿ ಬಿಡುವ ಚಿಕ್ಕ ನಿಪ್ಪಲು ಸಡಿಲಿಸಬೇಕು. ಗಾಳಿ ಗುಳುಗುಳು ಎಂದು ಹೊರಗೆ ಬರುತ್ತದೆ, ನಿಪ್ಪಲು ಬಿಗಿಯಬೇಕು.

"ತುಳೀರಿ."

"ತುಳಿದೆ."

"ಹಿಡ್ಕೊಳ್ಳಿ. ಹೂಂ, ಬಿಡಿ."

ಹತ್ತು ಸಲ, ಮೂವತ್ತು ಸಲ, ಎಂಬತ್ತು ಸಲ. ಪೆಡಲು ಇನ್ನೂ ಹಿಟ್ಟಿನ ಮುದ್ದೆಯ ಮೇಲೆ ಕಾಲಿಟ್ಟ ಹಾಗೇ ಇತ್ತು. ಒಂದು ಡಬ್ಬಿ ಆಯಿಲ್ ಖಾಲಿಯಾಗಿ ಎರಡನೆಯದೂ ಅರ್ಧವಾಯಿತು. ಮಗ ಟೀ ತಂದು ಬಾಗಿಲಲ್ಲಿ ನಿಂತ. ಬ್ರೇಕಿಗೆ ಸುಮ್ಮನೆ ಹೊಸ ಸಾಮಾನು ಹಾಕುತ್ತಿದ್ದಾರೆ ಎಂದಷ್ಟೇ ಅವನಿಗೆ ಗೊತ್ತು.

"ಮಂಡಿನೋವು ಅಂತ ಬೆಟ್ಟಕ್ಕೆ ಹೋಗದೇ ಇದ್ದೋರು ಇವರೇ ಅಲ್ವಾ?" ಎಂದ.

"ಇದು ವ್ಯಾಯಾಮ ಕಣೋ. ಡಾಕ್ಟ್ರೇ ಹೇಳಿದಾರೆ" ಎಂದರು ಕನ್ನಡಕದಮ್ಮ. ಮಗ ಹುಬ್ಬು ಹಾರಿಸಿ ಹೋದ.

ಅವನು ಹೋದ ಮೇಲೆ ಗಾಲಿಯ ಕಡೆಯಿಂದ ಸದ್ದೇ ಇಲ್ಲ. ಇಣುಕಿದರೆ ಸೊಸೆ ನೆಲದ ಮೇಲೆ ಕೂತು ತಲೆಯನ್ನು ಮಂಡಿಗಾನಿಸಿಕೊಂಡಿದ್ದಾಳೆ.

"ನಂಗೆ ಬರಲ್ಲ ಅತ್ತೆ. ದೊಡ್ಡದಾಗಿ ನಾಲ್ಕು ಭಾನುವಾರ ಕೇಳಿದೆ. ನಮ್ಮ ಬಸ್ಸಲ್ಲಿ ಗಾಳಿಯಿಂದಾನೇ ಬ್ರೇಕು, ಗಾಳಿ ಇದ್ರೇನೇ ಕೆಲಸ. ಇದರಲ್ಲಿ ಗಾಳಿಯೇ ಶತ್ರು. ಟ್ರೈನಿಂಗಲ್ಲಿ ಒಂದು ಸಲ ಮಾಡಿದ್ದು, ಅಷ್ಟೇ. ಇದನ್ನ ಹಾಕ್ಕೊಂಡು ನೀವು ಬೆಟ್ಟ ಇಳಿಯೋದು ಬೇಡ. ಇನ್ನೊಂದು ಸಲ ಏನಾದ್ರೂ ಆದ್ರೆ ಅಲ್ಲಿ ಲಾರಿ ಇರಲ್ಲ."

ಕನ್ನಡಕದಮ್ಮ ಕಾರಿನಿಂದಿಳಿದರು. ಬೆಟ್ಟ ಬೇಡವೆಂಬ ಮಾತು ಈಗ ಅವಳ ಬಾಯಲ್ಲೇ ಬಂದಿತ್ತು. ಒಪ್ಪಿಕೊಂಡರೆ ಇವತ್ತಿಗೇ ಮುಗಿಯಿತು, ಕಾಲೂ ನಡುಗುವುದಿಲ್ಲ, ಹನ್ನೊಂದನೇ ತಿರುವೂ ಇಲ್ಲ. ಆದರೆ ತಲೆ ತಗ್ಗಿಸಿ ಕೂತವಳನ್ನು ನೋಡಿ, ಹೀಗೆ ಮುಗಿಯಲು ಬಿಡಬಾರದು ಅನ್ನಿಸಿತು. ತಮಗಾಗಿ ಅಲ್ಲ. ಸೊಸೆಯ ಪಕ್ಕ ಮಂಡಿಯೂರಿ, ಗಾಜು ನೋಡುವ ಹಾಗೆ ಒಂದು ಕಣ್ಣು ಕಿರಿದು ಮಾಡಿ, ಕ್ಯಾಲಿಪರನ್ನು ಮೇಲಿಂದ ಕೆಳಗೆ ನೋಡಿದರು.

"ಗುಳ್ಳೆ ಯಾವ ಕಡೆ ಹೋಗುತ್ತಮ್ಮ? ಮೇಲಕ್ಕೆ ತಾನೆ?"

"ಹೂಂ."

"ಮತ್ತೆ ಅದು ಹೊರಗೆ ಹೋಗೋ ಬಾಗಿಲನ್ನ ಕೆಳಗಿಟ್ಟಿದೀವಲ್ಲ."

ಸೊಸೆ ತಲೆಯೆತ್ತಿದಳು. ನಿಪ್ಪಲು ಕ್ಯಾಲಿಪರಿನ ತಳದಲ್ಲಿತ್ತು. ಅತ್ತ ಕಡೆಯ ಗಾಲಿಗೆ ಓಡಿದಳು. ಅಲ್ಲೂ ತಳದಲ್ಲೇ. ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ ಹೋಗಿ, ಎರಡೂ ತಲೆಕೆಳಗಾಗಿ ಕೂತಿದ್ದವು. ಗಾಳಿಯೆಲ್ಲ ಮೇಲೆ ಆರಾಮಾಗಿ ಕಾಲು ಚಾಚಿಕೊಂಡಿತ್ತು. ಇವರು ಕೆಳಗಿನಿಂದ ಒಳ್ಳೆಯ ಆಯಿಲ್ಲನ್ನೇ ಹೊರಗೆ ಬಿಡುತ್ತಿದ್ದರು.

"ನಾನು ಸರಿಯಾಗೇ ಇಟ್ಟಿದ್ನಲ್ಲ ಬಟ್ಟೆ ಮೇಲೆ!" ಎಂದರು ಕನ್ನಡಕದಮ್ಮ.

"ನೀವು ಅಂಗಡಿಯಲ್ಲಿ ಗಾಜು ಇಡೋ ಹಾಗೆ ಇಟ್ಟಿರ್ತೀರ ಅಂದ್ಕೊಂಡೆ. ಗಿರಾಕಿ ಎದುರಿಗೆ ಕೂತಿರೋ ಹಾಗೆ. ಅವರ ಬಲಗಣ್ಣಿಂದು ನಿಮ್ಮ ಎಡಗಡೆ. ನಾನು ನೋಡಿದೀನಿ ನೀವು ಇಡೋದನ್ನ. ಅದಕ್ಕೇ ತಿರುಗಿಸಿ ಹಾಕಿದೆ."

"ಅಯ್ಯೋ! ನೀನು ಡಿಪೋದೋಳು, ಸ್ಟೇರಿಂಗ್ ಹಿಂದೆ ಕೂತ ಹಾಗೆ ಇಡೋದು ನಿಮ್ಮ ಪದ್ಧತಿ. ಮೊದಲನೇ ವಾರ ನೀನು ನಟ್ಟು ಬೋಲ್ಟು ಇಟ್ಟಿದ್ದು ನೋಡಿದ್ನಲ್ಲ. ನಿನಗೆ ಕಷ್ಟ ಆಗ್ಬಾರ್ದು ಅಂತ ನಾನೇ ಮೊದಲು ತಿರುಗಿಸಿ ಇಟ್ಟಿದ್ದೆ!"

ಒಂದು ಗಳಿಗೆ ಇಬ್ಬರೂ ಮುಖಮುಖ ನೋಡಿಕೊಂಡರು. ಆಮೇಲೆ ಯಾರು ಮೊದಲು ನಕ್ಕರು ಎಂದು ಹೇಳುವುದು ಕಷ್ಟ. ಸೊಸೆ ಗಾಲಿ ಹಿಡಿದುಕೊಂಡು ನಕ್ಕಳು, ಅತ್ತೆ ನೆಲದ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಡುಗೆಮನೆಯ ಕಿಟಕಿಯಿಂದ ಮಗ ನೋಡಿದ, ಕಿಟಕಿ ಹಾಕಿಕೊಂಡ.

"ಕೇಳ್ಬಾರ್ದಾ ನೀನು?"

"ನೀವು ಹೇಳ್ಬಾರ್ದಾ?"

"ಸರಿ, ಈಗ ಕೇಳ್ತೀನಿ. ಟೀಗೆ ಸಕ್ಕರೆ ಎಷ್ಟು?"

"ಎರಡು ಚಮಚ ಅತ್ತೆ. ಮೊದಲ ದಿನದಿಂದ ಎರಡು ಚಮಚ."

ಕನ್ನಡಕದಮ್ಮ ಕಣ್ಣೊರೆಸಿಕೊಂಡರು. ನಗು ಇಳಿದ ಮೇಲೆ, ಡಿಸ್ಕಿನ ಕಡೆ ನೋಡುತ್ತ, "ನಾಲ್ಕನೇ ಗೇರಲ್ಲಿದ್ದೆ ಕಣಮ್ಮ ಅವತ್ತು. ಎರಡಲ್ಲ" ಎಂದರು.

"ಗೊತ್ತಿತ್ತು" ಎಂದಳು ಸೊಸೆ. "ಎರಡನೇ ಗೇರಲ್ಲಿ ಡಿಸ್ಕು ಅಷ್ಟು ನೀಲಿ ಆಗಲ್ಲ. ಬ್ರೇಕು ಎಷ್ಟೇ ದೊಡ್ಡದು ಹಾಕಿದ್ರೂ ಗೇರು ಇಳಿಸ್ದೆ ಹೋದ್ರೆ ಯಾರೂ ಏನೂ ಮಾಡಕ್ಕಾಗಲ್ಲ."

ಎರಡನ್ನೂ ಅದಲುಬದಲು ಮಾಡಿ ಹಾಕಲು ಒಂದು ಗಂಟೆ ಸಾಕಾಯಿತು. ಒಂಬತ್ತನೇ ಸಲ ತುಳಿಯುವಾಗ ಪೆಡಲು ಮೇಲೇ ನಿಂತಿತು. ಕನ್ನಡಕದಮ್ಮ ಮತ್ತೆ ತುಳಿದು ನೋಡಿದರು. ಕತ್ತಲಲ್ಲಿ ಇಳಿಯುವಾಗ ಕಾಲಿಗೆ ಮೆಟ್ಟಿಲು ಸಿಕ್ಕ ಹಾಗಿತ್ತು.

ಸೋಮವಾರ, ಮಂಗಳವಾರ ಸಂಜೆ ಊರಾಚೆಯ ಖಾಲಿ ರಸ್ತೆಯಲ್ಲಿ ಓಡಿಸಿ ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸಿಕೊಂಡರು. ಬುಧವಾರ ಸೊಸೆ ರಜೆ ಹಾಕಿದಳು.

ಹಳೆಯ ಟೈಪಿಸ್ಟು ಹೊಸ ಕನ್ನಡಕ ಹಾಕಿಕೊಂಡು, ಎರಡು ತಿಂಗಳಿನಿಂದ ದಿಂಬಿನಡಿ ಇಟ್ಟಿದ್ದ ಕಾಗದ ಬಿಚ್ಚಿದರು. ಓದಿ ಮುಗಿಸಿ, "ಮೂರು ಕಡೆ ತಪ್ಪು ಬರೆದಿದಾಳೆ" ಎಂದು ಹೆಮ್ಮೆಯಿಂದ ಹೇಳಿದರು. ಕನ್ನಡಕದಮ್ಮನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ಸೊಸೆ ವಾರ್ಡಿನ ಬಾಗಿಲಲ್ಲಿ ಗಾಜಿನ ಪೆಟ್ಟಿಗೆ ಹಿಡಿದು ನಿಂತಿದ್ದಳು. ಹೀಗೆ ಕೈ ಹಿಡಿಸಿಕೊಳ್ಳುವುದರಲ್ಲಿ ಅರ್ಧ ಅವಳಿಗೆ ಸೇರಬೇಕಲ್ಲ ಅನ್ನಿಸಿತು ಕನ್ನಡಕದಮ್ಮನಿಗೆ.

ಇಳಿಯುವ ಮೊದಲು ಆಸ್ಪತ್ರೆಯ ಗೇಟಿನಲ್ಲಿ ಕಾರು ನಿಲ್ಲಿಸಿಕೊಂಡು ಸ್ವಲ್ಪ ಹೊತ್ತು ಕೂತರು. ಬಲಗಾಲು ಮತ್ತೆ ನಡುಕ ಶುರುಮಾಡಿತ್ತು.

"ನಾನು ಓಡಿಸ್ಲಾ?" ಎಂದು ಸೊಸೆ ಬಾಯಿಬಿಟ್ಟು ಕೇಳಿದಳು.

"ಬೇಡ. ಮಾತಾಡ್ತಾ ಇರು."

ಅವಳು ಮಾತಾಡುತ್ತ ಹೋದಳು. ಡಿಪೋದ ಮೇಸ್ತ್ರಿ, ಅವನ ಗೊರಕೆ, ಬಸ್ಸಿನಡಿ ಮಲಗಿ ಕೆಲಸ ಮಾಡುತ್ತ ಮಾಡುತ್ತ ನಿದ್ದೆ ಹೋದವನನ್ನು ಬಿಟ್ಟು ಎಲ್ಲರೂ ಊಟಕ್ಕೆ ಹೋದದ್ದು. ಕನ್ನಡಕದಮ್ಮ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದರು. ಒಂದನೇ ತಿರುವು, ಎರಡು, ಮೂರು. ಮುಂದೆ ರಸ್ತೆ ಖಾಲಿ, ಒಂದು ಲಾರಿಯೂ ಇಲ್ಲ. ಆತ ಈಗ ಎಲ್ಲಿದ್ದಾನೋ, ಯಾವ ಊರಿಗೆ ಪೈಪು ಸಾಗಿಸುತ್ತಿದ್ದಾನೋ. ಅವತ್ತಿನದು ಅವನಿಗೆ ನೆನಪೂ ಇರಲಿಕ್ಕಿಲ್ಲ, ಕೈ ತೊಳೆದಷ್ಟು ಸಲೀಸಾಗಿ ಮಾಡಿ ಹೋದ. ವಿಳಾಸವಿಲ್ಲದವರಿಗೆ ಹೇಳಬೇಕಾದ ಮಾತು ಎದೆಯಲ್ಲೇ ಉಳಿದುಬಿಡುತ್ತದೆ. ಆದರೆ ಪಕ್ಕದ ಸೀಟಿನಲ್ಲೇ ಕೂತಿರುವವರಿಗೂ ಹೇಳದೆ ಉಳಿಸಿಕೊಂಡರೆ ಅದೆಂಥ ಬುದ್ಧಿ?

ಒಂಬತ್ತು. ಸುಟ್ಟ ವಾಸನೆ ಇಲ್ಲ. ಹತ್ತು. ಸೊಸೆಯ ಮಾತು ನಿಂತಿತ್ತು. ಹನ್ನೊಂದರಲ್ಲಿ ಕನ್ನಡಕದಮ್ಮ ತುಳಿದರು. ಪೆಡಲು ಕಾಲಿಗೆ ಎದುರು ನಿಂತಿತು, ಕಾರು ತಲೆಬಾಗಿ ನಿಧಾನವಾಯಿತು, ತಿರುವು ಸುತ್ತಿಕೊಂಡು ಹಿಂದಕ್ಕೆ ಹೋಯಿತು. ಅಷ್ಟೇ. ಪಕ್ಕಕ್ಕೆ ನೋಡಿದರೆ ಸೊಸೆಯ ಬಲ ಬೂಟು ಎದುರಿಗಿನ ತಗಡನ್ನು ಎಷ್ಟು ಬಲವಾಗಿ ಒತ್ತುತ್ತಿತ್ತೆಂದರೆ ಮಂಡಿ ನಡುಗುತ್ತಿತ್ತು.

"ಅಲ್ಲಿ ಪೆಡಲಿಲ್ಲಮ್ಮ" ಎಂದರು ಕನ್ನಡಕದಮ್ಮ.

"ಗೊತ್ತು ಅತ್ತೆ. ಸುಮ್ನೆ ಇಳೀರಿ."

ಹನ್ನೆರಡರಿಂದ ಮುಂದೆ ಇಬ್ಬರಿಗೂ ನಗು. ಹದಿನೇಳು ಮುಗಿದು ರಸ್ತೆ ಸಪಾಟಾದಾಗ ಶಾಲೆಯ ಎದುರಿನ ಸರ್ಕಲ್ಲು ಕಂಡಿತು. ಶಾಲೆ ಬಿಟ್ಟಿತ್ತು. ಗೇಟಿನ ಹತ್ತಿರ ಮಗ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಕಾಯುತ್ತಿದ್ದ. ಕಾರನ್ನು ಕಂಡು ಕೈ ಎತ್ತಿದ. ಕನ್ನಡಕದಮ್ಮ ನಿಲ್ಲಿಸಲು ಹೊರಟರು.

"ಈಗಲೇ ನಿಲ್ಲಿಸ್ಬೇಡಿ!" ಎಂದಳು ಸೊಸೆ. "ಡಿಸ್ಕು ಕಾದಿದೆ. ಪೆಡಲು ಒತ್ತಿ ನಿಂತ್ರೆ ಪ್ಯಾಡು ಒಂದೇ ಕಡೆ ಅಂಟ್ಕೊಂಡು ಗುರುತು ಬೀಳುತ್ತೆ. ಆಮೇಲೆ ಜೀವಮಾನವೆಲ್ಲ ಗಡಗಡ ಅನ್ನುತ್ತೆ. ಸುಮ್ನೆ ಉರುಳಿಸ್ತಾ ಇರಿ, ಗಾಳಿ ಆಡ್ಲಿ."

ಹಾಗಾಗಿ ಅವರು ಮಗನ ಮುಂದೆಯೇ ಹಾದು ಸರ್ಕಲ್ಲು ಸುತ್ತಿದರು.

"ಅಮ್ಮಾ! ಏನಾಯ್ತು? ನಿಲ್ಸು!"

"ನಿಲ್ಸೋ ಹಾಗಿಲ್ಲ ಕಣೋ!"

ಮಗನ ಮುಖ ಬಿಳಿಚಿತು. ಎರಡನೇ ಸುತ್ತಿಗೆ ಬಂದಾಗ ಅವನು ರಸ್ತೆಗಿಳಿದು ಎರಡೂ ಕೈ ಬೀಸುತ್ತಿದ್ದ. "ಬ್ರೇಕು ಹೋಗಿದ್ಯಾ?"

"ಇವತ್ತಲ್ಲ! ಎರಡು ತಿಂಗಳ ಹಿಂದೆ!" ಎಂದು ಕನ್ನಡಕದಮ್ಮ ಕೂಗಿದರು. ಬಾಯಿಂದ ಬಂದ ಮೇಲೆಯೇ ಅವರಿಗೆ ಏನು ಹೇಳಿದೆ ಎಂದು ತಿಳಿದದ್ದು. ಆದರೆ ಕಾರು ಅಷ್ಟರಲ್ಲಿ ಅತ್ತ ಕಡೆಗೆ ಹೋಗಿತ್ತು, ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಮೂರನೇ ಸುತ್ತಿನಲ್ಲಿ, "ಗೋಡೆಗೆ ತಾಗಿದ್ದಲ್ಲ! ಬೆಟ್ಟದ ಮೇಲೆ ಬ್ರೇಕು ಹೋಯ್ತು! ಒಬ್ಬ ಲಾರಿಯವನು ಉಳಿಸ್ದ!" ಎಂದರು. ನಾಲ್ಕನೇ ಸುತ್ತಿಗೆ ಮಗ, "ನಂಗ್ಯಾಕೆ ಹೇಳ್ಲಿಲ್ಲ?" ಎಂದು ಹೆಂಡತಿಯ ಕಡೆ ಕೈ ತೋರಿಸಿದ, "ಇವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು! ನಾನೇ ಬೇಡ ಅಂದಿದ್ದೆ!"

ಐದನೇ ಸುತ್ತಿಗೆ ಅವನು ಗೇಟಿನ ಹತ್ತಿರ ಇರಲಿಲ್ಲ. ರಸ್ತೆ ದಾಟಿ ಸರ್ಕಲ್ಲಿನ ನಡುವಿನ ಹುಲ್ಲಿನ ಮೇಲೆ ಹೋಗಿ ನಿಂತಿದ್ದ. ಈಗ ಅವರು ಸುತ್ತಿದ ಹಾಗೆ ಅವನೂ ನಿಂತಲ್ಲೇ ತಿರುಗುತ್ತ, ಮಾತು ತುಂಡಾಗದ ಹಾಗೆ ಕೇಳಿಸಿಕೊಳ್ಳಬಹುದಿತ್ತು. ಕಣ್ಣಲ್ಲಿ ನೀರಿತ್ತು, ನಿಜ. ಕನ್ನಡಕದಮ್ಮ ಯಾವುದನ್ನು ನೋಡಲಾರೆ ಎಂದು ಹೆದರಿ ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದರೋ ಅದನ್ನು ಈಗ ಎಲ್ಲ ದಿಕ್ಕಿನಿಂದಲೂ ನೋಡಿದರು. ನೋಡಬಹುದಾಗಿತ್ತು.

"ಕೇಳು," ಎಂದರು, ಈಗ ಕೂಗದೆ. "ಆ ಲಾರಿಯವನು ಒಂದು ಸಲ ಉಳಿಸಿ ಹೋದ. ಇವಳು ನಾಲ್ಕು ಭಾನುವಾರ ನೆಲದ ಮೇಲೆ ಬಿದ್ದು ನನ್ನನ್ನ ಉಳಿಸಿಕೊಂಡ್ಲು. ಕಾರು ಮಾರಲ್ಲ. ಬೆಟ್ಟಾನೂ ಬಿಡಲ್ಲ. ಇವಳು ಇಲ್ದಿದ್ರೆ ಎರಡನ್ನೂ ಬಿಟ್ಟು ಮನೇಲಿ ಕೂತಿರ್ತಿದ್ದೆ. ಅದನ್ನ ಇವಳ ಮುಖ ನೋಡ್ಕೊಂಡು ಹೇಳೋಕೆ ನನಗೆ ಬರಲ್ಲ, ಅದಕ್ಕೇ ನಿನ್ನ ಹತ್ರ ಹೇಳ್ತಿದೀನಿ."

ಸೊಸೆ ಮುಖವನ್ನು ಆಚೆ ಕಡೆಗೆ ತಿರುಗಿಸಿಕೊಂಡಿದ್ದಳು. ಕತ್ತು ಕೆಂಪಾಗಿತ್ತು. ಮಗ ತಿರುಗಿ ತಿರುಗಿ ತಲೆಸುತ್ತು ಬಂದು ಹುಲ್ಲಿನ ಮೇಲೆ ಕುಸಿದು ಕೂತ, ಅಲ್ಲಿಂದಲೇ, "ಹೆದರ್ಕೊಂಡ್ಯಾ ಅವತ್ತು?" ಎಂದು ಕೇಳಿದ.

"ತುಂಬಾ ಕಣೋ" ಎಂದರು ಕನ್ನಡಕದಮ್ಮ.

"ಅತ್ತೆ, ಈಗ ತಣ್ಣಗಾಗಿರುತ್ತೆ. ನಿಲ್ಲಿಸ್ಬಹುದು" ಎಂದಳು ಸೊಸೆ ಮೆಲ್ಲಗೆ, ಇನ್ನೂ ಆಚೆ ಕಡೆಗೇ ನೋಡುತ್ತ.

ಕನ್ನಡಕದಮ್ಮ ಪೆಡಲಿನ ಮೇಲೆ ಕಾಲಿಟ್ಟರು. ಕಾರು ಮಗನ ಎದುರಿಗೆ, ಅವನ ಚೀಲಕ್ಕೆ ಸರಿಯಾಗಿ ಒಂದು ಗೇಣು ದೂರದಲ್ಲಿ, ನಿಂತಿತು.